ಜರ್ಮನ್ ಬಾವುಟಕ್ಕೆ ಕಟ್ಟಿದ ಕೋಣ

ಬಾವುಟದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದುಬೈಯ ಅಲ್ ಮುರಕ್ಕಬಾತ್‌ನಲ್ಲಿರುವ ಒಂದು ಹೋಟೆಲಿನ ಔತಣಕೂಟ ವಿಭಾಗದಲ್ಲಿ ನಾನು ಹದಿನಾರು ವರ್ಷ ದುಡಿದವನು. ಎಷ್ಟೋ ದೇಶಗಳ ಬಾವುಟಗಳನ್ನು ಇದೇ ಕೈಯಿಂದ ಇಸ್ತ್ರಿ ಮಾಡಿ, ಇದೇ ಕೈಯಿಂದ ಕಂಬಕ್ಕೆ ಏರಿಸಿದ್ದೇನೆ. ಒಮ್ಮೆ ಮಾತ್ರ ಒಂದು ಸಣ್ಣ ದೇಶದ್ದು ತಲೆಕೆಳಗಾಗಿತ್ತು. ಅದು ಆ ದೇಶದವರಿಗೇ ಗೊತ್ತಾಗಲಿಲ್ಲ. ಹಾಗಾಗಿ ಅದನ್ನು ನಾನು ತಪ್ಪು ಎಂದು ಪರಿಗಣಿಸುವುದಿಲ್ಲ.

ಆದ್ದರಿಂದ ನಮ್ಮ ಮ್ಯಾನೇಜರ್ ಫಾದಿ ಸಾಹೇಬರು ನನ್ನನ್ನು ಕರೆದು, "ಗ್ರೆಗರಿ, ಮುಂದಿನ ತಿಂಗಳು ಜರ್ಮನಿಯ ಒಂದು ಜಿಲ್ಲೆಯವರು ಬರುತ್ತಾರೆ. ಬಾವುಟ, ಲಾಂಛನ, ಅಲಂಕಾರ ಎಲ್ಲ ನಿನ್ನದು," ಎಂದಾಗ ನಾನು ಒಳಗೊಳಗೇ ನಕ್ಕೆ. ದೇಶಗಳನ್ನೇ ಏರಿಸಿ ಇಳಿಸಿದವನಿಗೆ ಜಿಲ್ಲೆ ಯಾವ ಲೆಕ್ಕ!

ಫಾದಿ ಸಾಹೇಬರು ಲೆಬನಾನಿನವರು. ಸದಾ ಎರಡು ಫೋನುಗಳಲ್ಲಿ ಮಾತಾಡುತ್ತಾ, ಮೂರನೆಯವನಿಗೆ ಕೈಸನ್ನೆ ಮಾಡುತ್ತಾ ಇರುವ ಮನುಷ್ಯ. ಅಂದು ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು: "ಇದು ಒಂದೇ ಒಂದು ದೂರಿಲ್ಲದೆ ಮುಗಿದರೆ ಸೂಪರ್‌ವೈಸರ್ ಪತ್ರ ನಿನ್ನ ಕೈಯಲ್ಲಿ."

ಆ ಪತ್ರ ನನಗೆ ಏಕೆ ಬೇಕಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು, ಹೆಂಡತಿ ಐರಿನ್, ಆರನೇ ಕ್ಲಾಸಿನ ಮಗಳು ಶೆರಲ್, ಮೂವರೂ ಒಂದು ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದೆವು. ಉಳಿದ ಎರಡು ಕೋಣೆಗಳಲ್ಲಿ ಬೇರೆ ಎರಡು ಸಂಸಾರ. ಅಡುಗೆಮನೆ ಒಂದು, ಬಚ್ಚಲು ಒಂದು. ಇದಕ್ಕೆ ಇಲ್ಲಿ ಶೇರಿಂಗ್ ಎನ್ನುತ್ತಾರೆ. ಆ ವರ್ಷ ಕಟ್ಟಡದ ಲಿಫ್ಟಿನ ಪಕ್ಕದಲ್ಲಿ ಒಂದು ನೋಟೀಸು ಅಂಟಿತು: ಮಾರ್ಚ್ ಕೊನೆಯೊಳಗೆ ಒಂದು ಫ್ಲ್ಯಾಟಿನಲ್ಲಿ ಒಂದೇ ಸಂಸಾರ. ಇಡೀ ಫ್ಲ್ಯಾಟ್ ಹಿಡಿಯುವ ತಾಕತ್ತು ನನಗಿರಲಿಲ್ಲ. ಹೋಟೆಲಿನವರು ಸಂಸಾರಕ್ಕೆ ಮನೆ ಕೊಡುವುದು ಸೂಪರ್‌ವೈಸರ್‌ನಿಂದ ಮೇಲಿನವರಿಗೆ ಮಾತ್ರ. ಅಂದರೆ, ಪತ್ರ ಬಂದರೆ ಹೆಂಡತಿ ಮಗಳು ನನ್ನ ಜೊತೆ. ಬಾರದಿದ್ದರೆ ಪರೀಕ್ಷೆ ಮುಗಿದ ಮೇಲೆ ಅವರಿಬ್ಬರೂ ಮಂಗಳೂರಿನ ವಿಮಾನ ಹತ್ತಬೇಕು.

ಎರಡು ದಿನ ಕಳೆದು ಜರ್ಮನಿಯಿಂದ ಇಮೇಲ್ ಬಂತು. ಕಳಿಸಿದವರು ಕ್ರಿಸ್ಟಾ ಎಂಬ ಹೆಂಗಸು, ಆ ಜಿಲ್ಲೆಯ ಕಚೇರಿಯವರು. ಜಿಲ್ಲೆಯ ಹೆಸರನ್ನು ನಾನು ಬರೆಯುವುದಿಲ್ಲ. ನಾಚಿಕೆ ಒಂದು ಕಾರಣ. ಹೇಳಲು ಬರುವುದಿಲ್ಲ ಎಂಬುದು ಇನ್ನೊಂದು. ಬಾವಿ ಕೊರೆಯುವ ಯಂತ್ರಗಳನ್ನು ಮಾಡುವ ಊರಂತೆ ಅದು. ಇಲ್ಲಿನ ಒಂದು ನೀರಿನ ಕಂಪನಿಯ ಯಜಮಾನರ ಆಮಂತ್ರಣದ ಮೇಲೆ ಇಪ್ಪತ್ತೆರಡು ಜನ ಬರುವವರಿದ್ದರು. ಬಾವುಟದ ಚಿತ್ರ ಲಗತ್ತಿಸಿ ಆ ಹೆಂಗಸು ಬರೆದಿದ್ದರು: "ದಯವಿಟ್ಟು ಇದ್ದ ಹಾಗೆಯೇ ಮುದ್ರಿಸಿ. ಏನನ್ನೂ ಬದಲಿಸಬೇಡಿ."

ಜಿಲ್ಲೆಗೊಂದು ಬಾವುಟ ಇರುತ್ತದೆ ಎಂಬುದೇ ನನಗೆ ಹೊಸ ಸುದ್ದಿ. ನಮ್ಮ ಉಡುಪಿ ಜಿಲ್ಲೆ ಹುಟ್ಟಿದ್ದು ನನ್ನ ಕಣ್ಣೆದುರಿಗೆ. ಅದಕ್ಕೆ ಬಾವುಟ ಇಲ್ಲ, ಗುರಾಣಿ ಇಲ್ಲ, ಆದರೂ ಏನೂ ಕಡಿಮೆಯಾಗಿಲ್ಲ. ಚಿತ್ರ ತೆರೆದು ನೋಡಿದೆ. ಮೇಲೆ ಹಳದಿ ಪಟ್ಟಿ, ಕೆಳಗೆ ಹಸಿರು ಪಟ್ಟಿ, ನಡುವೆ ಗುರಾಣಿಯ ಆಕಾರದ ಲಾಂಛನ. ಗುರಾಣಿಯ ಕೆಳಭಾಗದಲ್ಲಿ ನೀಲಿ ಅಲೆ, ಮೂರು ಗೋಧಿ ತೆನೆ. ಎಡಗಡೆ ಮೇಲೆ ಕೆಂಪು ಶಿಲುಬೆ. ಬಲಗಡೆ ಮೇಲೆ, ಮೂತಿಯನ್ನು ನೆಲಕ್ಕಿಟ್ಟು, ಎರಡು ಬಿಳಿಯ ಕೋರೆ ತೋರಿಸುತ್ತಾ, ಕೊಬ್ಬಿದ ಒಂದು ಕರಿಯ ಹಂದಿ.

ಚಿತ್ರವನ್ನು ಥಟ್ಟನೆ ಮುಚ್ಚಿ, ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ.

ನನ್ನ ಹೆದರಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾವು ಕರಾವಳಿಯ ಕೊಂಕಣಿ ಕ್ರೈಸ್ತರು. ನಮ್ಮಲ್ಲಿ ಹಂದಿಯ ಪದಾರ್ಥ ಇಲ್ಲದಿದ್ದರೆ ಮದುವೆ ಊಟ ಊಟವೇ ಅಲ್ಲ. ನನ್ನ ಮದುವೆಯ ದಿನ ಪಾದ್ರಿಯವರ ಪ್ರವಚನ ಯಾರಿಗೂ ನೆನಪಿಲ್ಲ, ಪದಾರ್ಥದಲ್ಲಿ ಉಪ್ಪು ಕಡಿಮೆಯಾದದ್ದು ಇಂದಿಗೂ ನೆನಪಿದೆ. ದುಬೈಯಲ್ಲಿಯೂ ಅದಕ್ಕೆ ಅಡ್ಡಿಯೇನಿಲ್ಲ. ದೊಡ್ಡ ಅಂಗಡಿಗಳಲ್ಲಿ ಹಿಂದುಗಡೆ ಒಂದು ಕೋಣೆ ಇರುತ್ತದೆ. ಮುಸ್ಲಿಮರಲ್ಲದವರಿಗೆ ಎಂದು ಬೋರ್ಡು ಹಾಕಿ ರಾಜಾರೋಷವಾಗಿ ಮಾರುತ್ತಾರೆ. ಆದರೆ ಆ ಕೋಣೆಗೆ ನಾನು ಹೋಗುತ್ತಿದ್ದುದು ಕಳ್ಳನ ಹಾಗೆ. ಕೊಂಡದ್ದನ್ನು ಕೊತ್ತಂಬರಿ ಸೊಪ್ಪಿನ ಕೆಳಗೆ, ಅದನ್ನು ಈರುಳ್ಳಿಯ ಕೆಳಗೆ ಅಡಗಿಸಿ ತರುತ್ತಿದ್ದೆ. ಮಗಳ ಬುತ್ತಿಗೆ ಹಾಕಿದ ದಿನ "ಯಾರಾದರೂ ಕೇಳಿದರೆ ಕೋಳಿ ಅಂತ ಹೇಳು," ಎಂದು ಕಲಿಸಿದ್ದೆ. ಕುತ್ತಿಗೆಯ ಸರದ ಶಿಲುಬೆಯನ್ನು ಅಂಗಿಯ ಒಳಗೆ ಬಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕುತ್ತಿದ್ದೆ. ಹೀಗೆ ಮಾಡು ಎಂದು ಹದಿನಾರು ವರ್ಷಗಳಲ್ಲಿ ಒಬ್ಬನೇ ಒಬ್ಬ ಅರಬ್ಬಿ ನನಗೆ ಹೇಳಿದವನಲ್ಲ. ಹೇಳಿಸಿಕೊಳ್ಳುವ ಮೊದಲೇ ಮಾಡುವುದು ಬುದ್ಧಿವಂತರ ಲಕ್ಷಣ ಎಂದು ನಾನು ನಂಬಿದ್ದೆ.

ಇಂಥ ಬುದ್ಧಿವಂತನ ಕೈಗೆ ಆ ಹಂದಿ ಸಿಕ್ಕಿತು.

ಫಾದಿ ಸಾಹೇಬರಲ್ಲಿಗೆ ಓಡಿದೆ. "ಸರ್, ಇವರ ಬಾವುಟದಲ್ಲಿ ಒಂದು ಸಮಸ್ಯೆ ಇದೆ. ಒಂದು ಪ್ರಾಣಿ," ಎಂದೆ.

ಅವರು ಒಂದು ಫೋನನ್ನು ಕಿವಿಯಿಂದ ಅರ್ಧ ಇಂಚು ಸರಿಸಿ, "ಗ್ರೆಗರಿ, ನಿನಗೆ ತಲೆ ಇದೆ ತಾನೆ? ಉಪಯೋಗಿಸು. ಯಲ್ಲಾ," ಎಂದು ಕೈ ಬೀಸಿದರು.

ನನಗೆ ತಲೆ ಇದೆ ಎಂದು ಮೇಲಿನವರೊಬ್ಬರು ಒಪ್ಪಿಕೊಂಡದ್ದು ಅದೇ ಮೊದಲು. ಆ ಖುಷಿಯಲ್ಲಿ ಯಾವ ಪ್ರಾಣಿ ಎಂದು ಅವರಿಗೆ ಹೇಳುವುದೇ ಮರೆತುಹೋಯಿತು.

ಮನೆಯಲ್ಲಿ ಐರಿನ್‌ಗೆ ಚಿತ್ರ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು ನೋಡಿ, "ಒಳ್ಳೆ ಹಂದಿ," ಎಂದಳು.

"ನಿಂಗೆ ತಮಾಷೆ. ಬರುವ ಯಜಮಾನರು ಅರಬ್ಬಿ. ಅವರ ತಲೆಯ ಮೇಲೆ ಹಂದಿ ನೇತುಹಾಕ್ಲಿಕ್ಕೆ ಆಗ್ತದಾ?"

"ಕರೆದದ್ದು ಅವರೇ ಅಲ್ವಾ? ಬಾವುಟ ಎಂತದು ಅಂತ ನೋಡದೆ ಕರೀತಾರಾ?"

"ಅವರಿಗೆಲ್ಲಿ ಪುರುಸೊತ್ತು? ನೋಡಿರ್ಲಿಕ್ಕಿಲ್ಲ."

"ಹಾಗಾದ್ರೆ ಅವರ ಆಫೀಸಿಗೆ ಒಂದು ಫೋನ್ ಮಾಡಿ ಕೇಳು ಗ್ರೆಗ್. ಕೇಳ್ಲಿಕ್ಕೆ ನಿಂಗೆ ಎಂತ ನೋವು?"

"ಕೇಳಿದ್ರೆ, ಇವನಿಗೆ ಅಷ್ಟೂ ಗೊತ್ತಿಲ್ಲ ಅಂತ ಆಗ್ತದೆ."

"ಗೊತ್ತಿಲ್ವಲ್ಲ," ಎಂದಳು ಐರಿನ್. ಅವಳಿಗೆ ನನ್ನ ಉದ್ಯೋಗದ ಸೂಕ್ಷ್ಮಗಳು ಎಂದೂ ಅರ್ಥವಾದದ್ದಿಲ್ಲ. ಹೋಮ್‌ವರ್ಕಿನಿಂದ ತಲೆ ಎತ್ತಿದ ಶೆರಲ್, "ಡ್ಯಾಡಿ, ಜಸ್ಟ್ ಆಸ್ಕ್ ದೆಮ್," ಎಂದಳು. ಹೆಂಗಸರಿಬ್ಬರೂ ಒಂದು ಮಾತು ಹೇಳಿದರೆ ಗಂಡಸು ಅದಕ್ಕೆ ವಿರುದ್ಧವಾಗಿ ನಡೆಯಬೇಕು ಎಂದು ಎಲ್ಲೂ ಬರೆದಿಲ್ಲ. ಆದರೂ ನಾನು ನಡೆದೆ.

ನಡೆದದ್ದು ನೇರವಾಗಿ ಅಬ್ಬಾಸ್ ಬ್ಯಾರಿಯ ಅಂಗಡಿಗೆ. ಅಬ್ಬಾಸ್ ಬ್ಯಾರಿ ಸುರತ್ಕಲ್ ಕಡೆಯವರು. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಬ್ಯಾನರು, ಬೋರ್ಡು, ಬಾವುಟ ಮುದ್ರಿಸುವ ಅಂಗಡಿ ಇಟ್ಟವರು. ಐದು ಹೊತ್ತು ನಮಾಜು ತಪ್ಪಿಸದವರು. ಹಿರಿಯರೆಂದು ನಾನು ಅವರನ್ನು ಅಬ್ಬಾಸಾಕ ಎನ್ನುತ್ತಿದ್ದೆ. ನಾನು ಬಾಗಿಲು ಮುಚ್ಚಿ, ದನಿ ಇಳಿಸಿ, ಚಿತ್ರ ತೋರಿಸಿದೆ.

"ಅಬ್ಬಾಸಾಕ, ಬೇಜಾರು ಮಾಡ್ಬೇಡಿ. ಇದರಲ್ಲಿ ಅದು ಉಂಟು."

"ಎಂತದು?"

"ಅದು."

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಹಂದಿ. ಹೌದು. ಅದಕ್ಕೆ ಬಾಗಿಲು ಯಾಕೆ ಹಾಕಿದ್ದು?"

"ತೆಗೀಬೇಕು."

"ಯಾರು ಹೇಳಿದ್ದು ತೆಗೀಲಿಕ್ಕೆ?"

"ಯಾರೂ ಹೇಳ್ಲಿಲ್ಲ. ಆದ್ರೆ ನಿಮ್ಮ ಜನರಿಗೆ ಬೇಜಾರಾಗ್ತದಲ್ಲ."

"ನಮ್ಮ ಜನ ಅಂದ್ರೆ ನಾನೇ ಕೂತಿದ್ದೇನಲ್ಲ ಪೊರ್ಬುಗಳೇ, ನಿಮ್ಮ ಎದುರಿಗೆ." ನಮ್ಮವರನ್ನು ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವುದು ಹಾಗೆ. "ಅದು ಚಿತ್ರ. ತಿನ್ಲಿಕ್ಕುಂಟಾ? ಅವರ ಊರಿನ ಗುರ್ತು ಅದು. ಅವರದ್ದು ಅವರಿಗೆ. ಸುಮ್ಮನೆ ಇದ್ದ ಹಾಗೆ ಪ್ರಿಂಟ್ ಹಾಕುವ."

ಇಡೀ ಪ್ರಕರಣದಲ್ಲಿ ಅಭಿಪ್ರಾಯ ಹೇಳಲು ಹಕ್ಕಿದ್ದ ಮುಸ್ಲಿಮರೊಬ್ಬರು ಹೀಗೆ ಸ್ಪಷ್ಟವಾಗಿ ತೀರ್ಪು ಕೊಟ್ಟರು. ವಾರಕ್ಕೊಮ್ಮೆ ಹಂದಿ ತಿನ್ನುವ ನಾನು ಆ ತೀರ್ಪನ್ನು ತಳ್ಳಿಹಾಕಿದೆ. "ನಿಮಗೆ ಹೋಟೆಲಿನ ವಿಷಯ ಗೊತ್ತಾಗುದಿಲ್ಲ ಅಬ್ಬಾಸಾಕ," ಎಂದೆ. ರಾಜನಿಗಿಂತ ರಾಜನಿಷ್ಠೆ ಹೆಚ್ಚು ಎಂದರೆ ಇದೇ ಇರಬೇಕು.

ಅವರು ನಿಟ್ಟುಸಿರು ಬಿಟ್ಟು ಕಂಪ್ಯೂಟರಿನಲ್ಲಿ ಹಂದಿಯನ್ನು ಅಳಿಸಿದರು. ಗುರಾಣಿಯ ಬಲಮೂಲೆಯಲ್ಲಿ ಒಂದು ಖಾಲಿ ಚೌಕ ಉಳಿಯಿತು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಯಾರು ನೋಡಿದರೂ ಇಲ್ಲೇನೋ ಇತ್ತು ಎಂದು ಹೇಳಬಹುದಿತ್ತು.

"ಬೇರೆ ಎಂತಾದ್ರೂ ಹಾಕಿ. ಕಪ್ಪು ಬಣ್ಣ, ನಾಲ್ಕು ಕಾಲು, ಅಷ್ಟಿದ್ದರೆ ಸಾಕು," ಎಂದೆ.

"ಕುದುರೆ?"

"ಅವರು ಹಂದಿಯವರು. ಕುದುರೆ ತುಂಬ ಮೇಲಾಯ್ತು."

ಅಬ್ಬಾಸ್ ಬ್ಯಾರಿ ತಮ್ಮ ಹಳೆಯ ಚಿತ್ರಗಳ ಕಡತ ತೆರೆದರು. ಹಿಂದಿನ ವರ್ಷ ನಮ್ಮ ತುಳುವರ ಸಂಘದ ಕಾರ್ಯಕ್ರಮಕ್ಕೆ ಅವರು ಮುದ್ರಿಸಿದ್ದ ಬ್ಯಾನರೊಂದು ಅದರಲ್ಲಿತ್ತು. ಅದರ ಮೇಲೆ ಕೆಸರುಗದ್ದೆಯಲ್ಲಿ ಓಡುವ ಕಂಬಳದ ಕೋಣ. ಕಪ್ಪು, ಮಿರಿಮಿರಿ ಮಿಂಚುವ ಮೈ, ನಾಲ್ಕು ಕಾಲು, ತಲೆ ತಗ್ಗಿಸಿ ಮುನ್ನುಗ್ಗುವ ಭಂಗಿ. ನನಗೆ ಅದನ್ನು ಕಂಡ ಕೂಡಲೇ ಊರಿನವರನ್ನು ಕಂಡಷ್ಟು ಸಂತೋಷವಾಯಿತು.

"ಇದೇ!" ಎಂದೆ.

"ಇದು ಕೋಣ, ಪೊರ್ಬುಗಳೇ. ಜರ್ಮನಿಯಲ್ಲಿ ಕಂಬಳ ಉಂಟಾ?"

"ದೂರದಿಂದ ಯಾರಿಗೆ ಗೊತ್ತಾಗ್ತದೆ? ಆ ಹಗ್ಗ ಒಂದು ತೆಗೀರಿ."

ಅವರು ಹಗ್ಗ ತೆಗೆದರು. ಮೂಗುದಾರ ತೆಗೆಯಲು ಇಬ್ಬರಿಗೂ ನೆನಪಾಗಲಿಲ್ಲ.

ಒಂದು ತಪ್ಪು ಮಾಡಿದವನ ಕೈ ಅಲ್ಲಿಗೇ ನಿಲ್ಲುವುದಿಲ್ಲ. ಎಡಮೂಲೆಯ ಶಿಲುಬೆ ನನ್ನನ್ನೇ ನೋಡುತ್ತಿತ್ತು. ಹಂದಿ ತೆಗೆದ ಮೇಲೆ ಶಿಲುಬೆಯನ್ನು ಬಿಟ್ಟರೆ ಪಕ್ಷಪಾತವಾಗುತ್ತದೆ ಎನಿಸಿತು. ನನ್ನದೇ ಶಿಲುಬೆ ಅಂಗಿಯ ಒಳಗಿರುವಾಗ ಜರ್ಮನಿಯವರದು ಹೊರಗೇಕೆ? "ಇದರ ತುದಿಗಳನ್ನು ಸ್ವಲ್ಪ ಉರುಟು ಮಾಡಿ," ಎಂದೆ. ಉರುಟು ಮಾಡಿದರು. ನಾಲ್ಕು ಎಸಳಿನ ಹೂವಾಯಿತು. ಕೆಂಪು ಹೂವು ಕಣ್ಣಿಗೆ ಹೊಡೆಯುತ್ತಿತ್ತು, ಬಿಳಿ ಮಾಡಿಸಿದೆ. ಅಬ್ಬಾಸ್ ಬ್ಯಾರಿ ಕುರ್ಚಿಗೆ ಒರಗಿ ಒಟ್ಟು ಚಿತ್ರವನ್ನು ನೋಡಿ ಹೇಳಿದರು: "ಕೋಣ ಉಂಟು, ಮಲ್ಲಿಗೆ ಉಂಟು, ಕಡಲಿನ ಅಲೆ ಉಂಟು, ಆ ತೆನೆ ಭತ್ತದ ಹಾಗೆಯೇ ಉಂಟು. ಇದು ಜರ್ಮನಿ ಅಲ್ಲ. ನಿಮ್ಮ ಉಡುಪಿ ಜಿಲ್ಲೆ."

ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಇಲ್ಲಿಯವರೆಗೆ ನಡೆದದ್ದು ಮೂರ್ಖತನ. ಮುಂದಿನದನ್ನು ಮೂರ್ಖತನ ಎಂದು ಕರೆದರೆ ನನ್ನನ್ನು ನಾನೇ ಕ್ಷಮಿಸಿದ ಹಾಗಾಗುತ್ತದೆ. ಮರುವಾರ ಕ್ರಿಸ್ಟಾ ಅವರಿಂದ ಇನ್ನೊಂದು ಇಮೇಲ್ ಬಂತು: ಮುದ್ರಣಕ್ಕೆ ಮೊದಲು ನಿಮ್ಮ ಅಂತಿಮ ಚಿತ್ರವನ್ನು ಒಮ್ಮೆ ಕಳಿಸಿ, ನೋಡುತ್ತೇವೆ. ನಾನು ಒಂದು ಇಡೀ ಮಧ್ಯಾಹ್ನ ಯೋಚಿಸಿದೆ. ಕೋಣದ ಚಿತ್ರ ಕಳಿಸಿದರೆ ಅವರು ಬೇಡ ಎನ್ನುತ್ತಾರೆ. ಆಮೇಲೆ ಹಂದಿ ಹಾಕಬೇಕಾಗುತ್ತದೆ. ಆದ್ದರಿಂದ ಅವರೇ ಕಳಿಸಿದ್ದ ಹಂದಿಯ ಚಿತ್ರವನ್ನು, ಹೆಸರು ಬದಲಿಸಿ, ಅವರಿಗೇ ತಿರುಗಿ ಕಳಿಸಿದೆ. "ತುಂಬ ಸುಂದರ. ಇದ್ದ ಹಾಗೆಯೇ ಉಳಿಸಿಕೊಂಡದ್ದಕ್ಕೆ ವಂದನೆಗಳು," ಎಂದು ಉತ್ತರ ಬಂತು. ಅದನ್ನು ಓದಿ ನನಗೆ ಒಂದು ಕ್ಷಣ ನಿಜವಾಗಿಯೂ ಹೆಮ್ಮೆಯಾಯಿತು.

ಕೋಣ ಹರಡಿತು. ಸಭಾಂಗಣದ ನಾಲ್ಕು ಗೋಡೆಗಳಿಗೆ ಆಳೆತ್ತರದ ನಾಲ್ಕು ಬಾವುಟ, ಮೇಜುಗಳ ಮೇಲೆ ಪುಟ್ಟ ಬಾವುಟಗಳು, ಊಟದ ಪಟ್ಟಿಯ ಮುಖಪುಟ, ಅತಿಥಿಗಳ ಕೋಟಿಗೆ ಚುಚ್ಚುವ ಪಿನ್ನು. ಅಡುಗೆಮನೆಯವರು ಕೇಕಿನ ಮೇಲೆಯೂ ಅದನ್ನು ಬಿಡಿಸಿದರು. ಕೇಕಿನ ಕೋಣದ ಕಣ್ಣಿಗೆ ಒಂದು ಚೆರಿ ಹಣ್ಣು ಇಟ್ಟಿದ್ದರು. ಫಾದಿ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಸಭಾಂಗಣ ಸುತ್ತಿ ನನಗೆ ಹೆಬ್ಬೆರಳು ತೋರಿಸಿದರು. ಅಂದು ಮನೆಗೆ ಹೋಗಿ ಐರಿನ್‌ಗೆ, ಹೊಸ ಮನೆಗೆ ಯಾವ ಬಣ್ಣದ ಪರದೆ ಬೇಕು ಎಂದು ಯೋಚಿಸಿಡಲು ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ, "ನೀಲಿ ಆದೀತು," ಎಂದಳು. ಶೆರಲ್ ತನಗೊಂದು ಓದುವ ಮೇಜು ಬೇಕೆಂದು ಕಾಗದದಲ್ಲಿ ಅದರ ಚಿತ್ರ ಬರೆದು ನನ್ನ ಜೇಬಿನಲ್ಲಿಟ್ಟಳು.

ಔತಣ ಮಧ್ಯಾಹ್ನಕ್ಕಿತ್ತು. ನಾನು ಕರಿಯ ಕೋಟು ತೊಟ್ಟು ಬಾಗಿಲಿನಲ್ಲಿ ನಿಂತೆ. ಮೊದಲು ಬಂದದ್ದು ಜರ್ಮನಿಯವರು. ಇಪ್ಪತ್ತೆರಡು ಜನರೂ ನಗುತ್ತಾ ಒಳಗೆ ಬಂದರು, ತಲೆ ಎತ್ತಿ ನೋಡಿದರು, ನಗು ನಿಲ್ಲಿಸಿದರು. ಅವರ ಜಿಲ್ಲೆಯ ಮುಖ್ಯಸ್ಥರು ಆರಡಿ ಎತ್ತರದ ಬಿಳಿಗೂದಲಿನ ಮನುಷ್ಯ. ಒಂದೊಂದೇ ಗೋಡೆಯ ಹತ್ತಿರ ಹೋಗಿ ನಾಲ್ಕು ಬಾವುಟಗಳನ್ನೂ ನೋಡಿ ಬಂದರು, ಒಂದರಲ್ಲಾದರೂ ಸರಿ ಇರಬಹುದು ಎಂಬಂತೆ. ಆಮೇಲೆ ಕೋಟಿನ ಪಿನ್ನನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸಿದರು.

ಕನ್ನಡಕದ ಹೆಂಗಸೊಬ್ಬರು ನನ್ನ ಬಳಿ ಬಂದರು. "ಗ್ರೆಗರಿ ನೀವೇನಾ? ನಾನು ಕ್ರಿಸ್ಟಾ." ಫೋನು ತೆರೆದು ನಾನು ಕಳಿಸಿದ್ದ ಇಮೇಲ್ ತೋರಿಸಿದರು. "ಇಲ್ಲಿ ನಮ್ಮ ಕಾಡುಹಂದಿ ಇದೆ. ಅಲ್ಲಿ ಎತ್ತು ಏಕಿದೆ?"

ಎತ್ತಲ್ಲ, ಕೋಣ ಎಂದು ತಿದ್ದುವ ಆಸೆಯಾಯಿತು.

"ಎತ್ತು ನಮ್ಮ ಪಕ್ಕದ ಜಿಲ್ಲೆಯವರ ಲಾಂಛನ," ಎಂದರು ಅವರು. "ನಮಗೂ ಅವರಿಗೂ ಆಗುವುದಿಲ್ಲ. ತಲೆತಲಾಂತರದಿಂದ. ಇದನ್ನು ಅವರೇ ಹೇಳಿ ಮಾಡಿಸಿದರೇ?"

ಪ್ರಪಂಚದ ಅಷ್ಟು ಪ್ರಾಣಿಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ಅದೇ ಒಂದು. ನಸೀಬು ಕೆಟ್ಟವನು ಉಪ್ಪು ಮಾರಲು ಹೋದರೆ ಮಳೆ ಬರುತ್ತದಂತೆ. ದುಬೈಯಲ್ಲಿ ಮಳೆಯಿಲ್ಲದ್ದರಿಂದ ನನಗೆ ಎತ್ತು ಬಂತು.

ಕುಂಡದ ಗಿಡಗಳನ್ನು ತರಿಸಿ ಬಾವುಟಗಳ ಮುಂದೆ ಇರಿಸಿದೆ. ಗಿಡ ಕೋಣದ ಹೊಟ್ಟೆಯವರೆಗೆ ಮಾತ್ರ ಬಂತು. ಈಗ ಅದು ಗದ್ದೆಯಲ್ಲಿ ನಿಂತು ಮೇಯುವ ಹಾಗೆ ಕಾಣತೊಡಗಿತು. ಅಷ್ಟರಲ್ಲಿ ಯಜಮಾನರು ಬಂದರು.

ನಾನು ಇಷ್ಟೆಲ್ಲ ಮಾಡಿದ್ದು ಯಾರ ಕಣ್ಣಿಗೆ ನೋವಾಗಬಾರದೆಂದೋ ಆ ಯಜಮಾನರು ಎಪ್ಪತ್ತರ ಹತ್ತಿರದ ಮುದುಕರು. ಬಿಳಿಯ ಉದ್ದಂಗಿ, ಕೈಯಲ್ಲಿ ತೆಳ್ಳಗಿನ ಕೋಲು. ಜರ್ಮನಿಯ ಮುಖ್ಯಸ್ಥರನ್ನು ತಬ್ಬಿಕೊಂಡರು. ಅವರೊಡನೆ ಜರ್ಮನ್ ಭಾಷೆಯಲ್ಲೇ ಮಾತಾಡಿದರು! ಆಮೇಲೆ ಅವರು ಗೋಡೆಯ ಕಡೆ ತಿರುಗಿ, ಬಾವುಟವನ್ನು ನೋಡಿ, ಹತ್ತಿರ ಹೋಗಿ, ಕೋಲಿನಿಂದ ಗಿಡದ ಎಲೆಗಳನ್ನು ಸರಿಸಿ, ಇಡೀ ಸಭಾಂಗಣಕ್ಕೆ ಕೇಳಿಸುವ ಹಾಗೆ ತಮ್ಮ ಭಾಷೆಯಲ್ಲಿ ಕೇಳಿದರು:

"ವೇನ್ ಅಲ್ ಖಂಜೀರ್?"

ಹದಿನಾರು ವರ್ಷದ ನನ್ನ ಅರಬ್ಬಿಗೆ ಅಷ್ಟು ಅರ್ಥವಾಗುತ್ತದೆ. ಹಂದಿ ಎಲ್ಲಿ?

ಫಾದಿ ಸಾಹೇಬರು ಜೀವನದಲ್ಲಿ ಮೊದಲ ಬಾರಿಗೆ ಎರಡೂ ಫೋನುಗಳನ್ನು ಜೇಬಿಗೆ ಹಾಕಿ ನನ್ನ ಕಡೆ ಬೆರಳು ತೋರಿಸಿದರು.

ಯಜಮಾನರು ನನ್ನನ್ನು ಹತ್ತಿರ ಕರೆದರು. ಅವರ ಇಂಗ್ಲಿಷು ನಿಧಾನ, ಸ್ಪಷ್ಟ. "ನಾನು ಹುಡುಗನಾಗಿದ್ದಾಗ ಬಾವಿ ಕೊರೆಯುವುದನ್ನು ಕಲಿಯಲು ನನ್ನ ತಂದೆ ನನ್ನನ್ನು ಇವರ ಊರಿಗೆ ಕಳಿಸಿದ್ದರು. ಎರಡು ವರ್ಷ ಅಲ್ಲಿದ್ದೆ. ಆ ಹಂದಿಯ ಕತೆ ನಿನಗೆ ಗೊತ್ತೇ?"

"ಇಲ್ಲ, ಸರ್."

"ಒಂದು ಕಾಲಕ್ಕೆ ಅವರಲ್ಲಿ ನೀರು ಬತ್ತಿತಂತೆ. ಜನ ಊರು ಬಿಟ್ಟು ಹೊರಟರು. ಕಾಡಿನಲ್ಲಿ ಒಂದು ಹಂದಿ ಮೂತಿಯಿಂದ ನೆಲ ಅಗೆಯುತ್ತಿತ್ತು. ಅಗೆದಲ್ಲಿ ನೀರು ಬಂತು. ಜನ ಹಿಂದಿರುಗಿದರು. ಅಲ್ಲಿಯ ಮೊದಲ ಬಾವಿ ತೋಡಿದ್ದು ಅದು. ನಾವು ಮರಳಿನ ಜನ. ನೀರು ತೋರಿಸಿದವರನ್ನು, ಅವರು ಯಾರೇ ಆಗಲಿ, ನಾವು ಮರೆಯುವುದಿಲ್ಲ. ಆ ಬಾವುಟ ನನ್ನ ಮನೆಯ ಮಜ್ಲಿಸಿನಲ್ಲಿ, ಅತಿಥಿಗಳು ಕೂರುವಲ್ಲಿ, ನಲವತ್ತು ವರ್ಷದಿಂದ ಇದೆ." ಅವರು ಕೋಲು ಊರಿ ನನ್ನ ಮುಖ ನೋಡಿದರು. "ತೆಗೆಯಲು ಯಾರು ಹೇಳಿದರು?"

"ಯಾರೂ ಹೇಳಲಿಲ್ಲ, ಸರ್. ನಿಮಗೆ ನೋವಾಗಬಾರದೆಂದು."

"ಎಷ್ಟು ವರ್ಷದಿಂದ ಇಲ್ಲಿದ್ದೀಯ?"

"ಹದಿನಾರು."

"ಹದಿನಾರು ವರ್ಷ ನಮ್ಮ ಜೊತೆ ಇದ್ದು, ಒಂದು ಚಿತ್ರ ಕಂಡರೆ ಮುರಿದುಬೀಳುವಷ್ಟು ಸಣ್ಣವರು ನಾವು ಎಂದುಕೊಂಡೆಯಾ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನಗೆ ಅಭ್ಯಾಸವಿದೆ. ಅವರ ಮುಖದಲ್ಲಿ ಇದ್ದದ್ದು ಬೇಸರ. ನಾನು ಯಾರನ್ನು ನೋಯಿಸಬಾರದೆಂದು ಒಂದು ತಿಂಗಳು ಒದ್ದಾಡಿದೆನೋ ಅವರನ್ನೇ, ಅವರ ಗೆಳೆಯರ ಮುಂದೆ, ನೋಯಿಸಿದ್ದೆ. ನನಗೆ ಅಳು ಬಂತು. ಕರಿಯ ಕೋಟು ಹಾಕಿಕೊಂಡು ಅಳುವುದು ನಿಯಮಕ್ಕೆ ವಿರುದ್ಧವಾದ್ದರಿಂದ ನುಂಗಿಕೊಂಡೆ.

ಊಟದ ಮೊದಲು ಜರ್ಮನಿಯ ಮುಖ್ಯಸ್ಥರ ಭಾಷಣವಿತ್ತು. ಅದನ್ನು ಅವರು ಊರಿನಿಂದಲೇ ಬರೆದು ತಂದಿದ್ದರು, ಇಡೀ ಭಾಷಣ ಆ ಹಂದಿಯ ಮೇಲೆಯೇ ಇತ್ತು. "ನಿಮ್ಮ ಎದುರಿಗೆ ಕಾಣುವ ಈ ಧೀರ ಪ್ರಾಣಿ," ಎಂದು ಕೈ ಎತ್ತಿದರು. ಎಲ್ಲರೂ ಮೂಗುದಾರದ ಕೋಣವನ್ನು ನೋಡಿದರು. ಕೈ ಗಾಳಿಯಲ್ಲೇ ಉಳಿಯಿತು. ಮುಂದಿನ ಎರಡು ಪುಟಗಳನ್ನು ಮಡಿಸಿ ಜೇಬಿನಲ್ಲಿಟ್ಟು, ಊಟ ಮಾಡೋಣ ಎಂದರು. ಕೇಕನ್ನು ಯಾರೂ ಮುಟ್ಟಲಿಲ್ಲ. ಚೆರಿಯ ಕಣ್ಣಿನ ಕೋಣ ಕೊನೆಯವರೆಗೂ ನನ್ನನ್ನೇ ನೋಡುತ್ತಿತ್ತು.

ಮಾರನೆಯ ದಿನ ಫಾದಿ ಸಾಹೇಬರು ನನ್ನನ್ನು ಕರೆದರು.

"ನಾನು ಬದಲಿಸಲು ಹೇಳಿದ್ದೆನಾ?"

"ತಲೆ ಉಪಯೋಗಿಸು ಎಂದಿದ್ದಿರಿ, ಸರ್."

"ಅದನ್ನೂ ನೀನು ಮಾಡಲಿಲ್ಲ," ಎಂದರು. ನ್ಯಾಯವಾದ ಮಾತು. "ತಪ್ಪು ಮಾಡಿದ್ದನ್ನು ಮರೆಸಬಹುದು, ಗ್ರೆಗರಿ. ಆದರೆ ಒಂದು ಚಿತ್ರ ಕಳಿಸಿ ಇನ್ನೊಂದನ್ನು ಮುದ್ರಿಸಿದ್ದೀಯ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಪತ್ರದ ವಿಷಯ ಖಲಾಸ್." ನೌಕರಿ ತೆಗೆಯಲಿಲ್ಲ. ಯಜಮಾನರೇ ಫೋನು ಮಾಡಿ, ಆ ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದಿದ್ದರಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ಅವಮಾನವಾಯಿತು.

ಮನೆಗೆ ಬಂದು ಹೇಳಿದಾಗ ಐರಿನ್ ಬೈಯಲಿಲ್ಲ. "ಒಂದು ಫೋನು, ಗ್ರೆಗ್. ಒಂದು ಫೋನು ಮಾಡಿ ಕೇಳಿದ್ರೆ ಮುಗೀತಿತ್ತು," ಎಂದಳು. ಆಮೇಲೆ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದು ಅದರ ಧೂಳು ಒರೆಸತೊಡಗಿದಳು. ಪರೀಕ್ಷೆಗೆ ಇನ್ನೂ ಮೂರು ವಾರವಿತ್ತು. ಶೆರಲ್ ಬಾಗಿಲಿನಲ್ಲಿ ನಿಂತು, "ಸೋ ನೋ ಟೇಬಲ್?" ಎಂದು ಕೇಳಿದಳು. ನನ್ನ ಜೇಬಿನಲ್ಲಿ ಅವಳ ಮೇಜಿನ ಚಿತ್ರ ಇನ್ನೂ ಇತ್ತು. ಅಳೆದು, ಗೆರೆ ಹಾಕಿ, ಚೆನ್ನಾಗಿ ಬರೆದಿದ್ದಳು. ಅದನ್ನು ಮಾತ್ರ ನಾನು ಬದಲಿಸಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ನನ್ನ ಅಂಗಿಯ ಗುಂಡಿ ಬಿಚ್ಚಿ, ಸರದ ಶಿಲುಬೆಯನ್ನು ಹೊರಗೆ ಎಳೆದಿಟ್ಟು, "ನೋಬಡಿ ಕೇರ್ಸ್, ಡ್ಯಾಡಿ," ಎಂದಳು. ಹನ್ನೊಂದು ವರ್ಷದ ಮಗುವಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವರಿಬ್ಬರೂ ಒಳಗೆ ಹೋಗಿ ಕಣ್ಮರೆಯಾಗುವವರೆಗೂ ನಿಂತಿದ್ದೆ. ಟ್ಯಾಕ್ಸಿಯಲ್ಲಿ ಕೂತ ಮೇಲೆ ಗುಂಡಿ ಹಾಕಿಕೊಂಡೆ.

ಸಂಸಾರವನ್ನು ಊರಿಗೆ ಕಳಿಸಿದ ಗಂಡಸನ್ನು ಈ ಊರಿನಲ್ಲಿ ಬ್ಯಾಚುಲರ್ ಎನ್ನುತ್ತಾರೆ. ಹದಿಮೂರು ವರ್ಷ ಮದುವೆಯಾಗಿದ್ದ ನಾನು ಹೀಗೆ ಮತ್ತೆ ಅವಿವಾಹಿತನಾದೆ. ಈಗ ದೇರಾ ಬಡಾವಣೆಯ ಒಂದು ಕೋಣೆಯಲ್ಲಿ ಎಂಟು ಜನರ ನಡುವೆ ನನಗೊಂದು ಮಂಚದ ಜಾಗ ಇದೆ, ಎರಡಂತಸ್ತಿನ ಮಂಚದಲ್ಲಿ ಕೆಳಗಿನದು. ಇಲ್ಲಿ ಎಲ್ಲರೂ ತಮ್ಮ ತಮ್ಮ ಮಂಚಕ್ಕೆ ಒಂದು ಪರದೆ ಕಟ್ಟಿಕೊಳ್ಳುತ್ತಾರೆ. ಹೋಟೆಲಿನವರು ಎಸೆಯಲು ಹೊರಗಿಟ್ಟಿದ್ದ ನಾಲ್ಕು ಬಾವುಟಗಳಲ್ಲಿ ಒಂದನ್ನು ನಾನು ತಂದುಕೊಂಡೆ. ಒಳ್ಳೆಯ ಬಟ್ಟೆ, ಬಣ್ಣ ಬಿಡುವುದಿಲ್ಲ, ಅಳತೆ ಮಂಚಕ್ಕೆ ಸರಿಯಾಗಿದೆ. ಐರಿನ್ ನೀಲಿ ಕೇಳಿದ್ದಳು. ಸಿಕ್ಕಿದ್ದು ಹಳದಿ ಮತ್ತು ಹಸಿರು.

ಮೊನ್ನೆ ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಅಬ್ಬಾಸ್ ಬ್ಯಾರಿ ನನ್ನನ್ನು ನೋಡಲು ಬಂದರು. ಪರದೆಗೆ ಸಿಕ್ಕಿಸಲು ಅಂಗಡಿಯಿಂದ ನಾಲ್ಕು ಉಕ್ಕಿನ ಕ್ಲಿಪ್ಪು ತಂದಿದ್ದರು. ಮಂಚದ ತುದಿಯಲ್ಲಿ ಕೂತು ಕೋಣವನ್ನು ನೋಡಿ, "ಪ್ರಿಂಟ್ ಮಾತ್ರ ಒಳ್ಳೆದು ಬಂದಿದೆ ಪೊರ್ಬುಗಳೇ," ಎಂದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಊರಿನಿಂದ ಐರಿನ್, ವಿಡಿಯೋ ಕರೆ. ಅಂದು ಅವಳ ತಮ್ಮನ ಮನೆಯಲ್ಲಿ ಮಗುವಿನ ನಾಮಕರಣ. ಶೆರಲ್ ಹೊಸ ಲಂಗ ತೊಟ್ಟು ಕೈ ಬೀಸಿದಳು. ಐರಿನ್ ಫೋನನ್ನು ಒಲೆಯ ಮೇಲಿನ ದೊಡ್ಡ ಪಾತ್ರೆಯ ಹತ್ತಿರ ಹಿಡಿದಳು. ಪದಾರ್ಥ ಕೊತಕೊತ ಕುದಿಯುತ್ತಿತ್ತು. ಕೊಬ್ಬಿನ ತುಂಡುಗಳು ಎಣ್ಣೆಯಲ್ಲಿ ಮೇಲೆ ಬರುತ್ತಿದ್ದವು. ಇಷ್ಟು ದೂರದಲ್ಲಿ ನನ್ನ ಬಾಯಲ್ಲಿ ನೀರೂರಿತು, ಕಣ್ಣಲ್ಲಿಯೂ.

ಅಬ್ಬಾಸ್ ಬ್ಯಾರಿ ನನ್ನ ಹೆಗಲ ಮೇಲಿನಿಂದ ಬಗ್ಗಿ ಪ್ರೀತಿಯಿಂದ ನೋಡಿದರು. ಈ ಊರಿನಲ್ಲಿ ನನಗೆ ಉಳಿದಿರುವ ಒಬ್ಬನೇ ಸ್ನೇಹಿತ. ಚಿತ್ರ ಕಂಡು ಬೇಜಾರು ಮಾಡಿಕೊಳ್ಳುವವನಲ್ಲ ಎಂದು ತನ್ನ ಬಾಯಾರೆ ನನಗೆ ಹೇಳಿದ ಮನುಷ್ಯ.

"ಎಂತ ಪದಾರ್ಥ ಅದು, ಪೊರ್ಬುಗಳೇ? ಭಾರೀ ಉಂಟಲ್ಲ."

ನಾನು ಫೋನನ್ನು ಎದೆಗೆ ಒತ್ತಿಕೊಂಡು ಪರದೆಯ ಕಡೆ ನೋಡಿದೆ.

"ಕೋಣ," ಎಂದೆ.